ಸೋಮವಾರ ಟ್ರ್ಯಾಕ್ಟರ್ ಸಿಗುವುದಿಲ್ಲ

ನನ್ನ ಮೌಶಿಯ, ಅಂದರೆ ಅವ್ವನ ತಂಗಿಯ, ಮಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಅವಳು ನನ್ನ ವಾರಿಗೆಯವಳೇ, ಆದರೆ ಜಡೆ ನನ್ನದಕ್ಕಿಂತ ಉದ್ದ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೇ ನಗುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ನಗುತ್ತಾರೇನ್ರಿ?

ಅವಳ ಜೊತೆ ಒಂದೇ ಕೋಣೆಯಲ್ಲಿ ಮೂರು ವರ್ಷ ಕಳೆದಿದ್ದೇನೆ. ನಮ್ಮದು ಜುಗೂಳ, ಕೃಷ್ಣೆಯ ದಂಡೆಯ ಊರು. ಅಲ್ಲಿಂದ ದಿನಾ ಓಡಾಡಲಾಗದೆ ಕಬ್ಬೂರಿನ ಮೌಶಿಯ ಮನೆಯಲ್ಲೇ ಉಳಿದೆ. ಇಬ್ಬರೂ ಸೇರಿದ್ದು ಒಂದೇ ಕೋರ್ಸಿಗೆ. ವಾರದಲ್ಲಿ ನಾಲ್ಕು ದಿನ ನಿಪ್ಪಾಣಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ, ಎರಡು ದಿನ ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ, ಕೊನೆಗೆ ಡಿಗ್ರಿ. "ಮಗಳು ಕಾಲೇಜಿಗೆ ಹೋಗ್ತಾಳೋ, ನೌಕರಿಗೆ ಹೋಗ್ತಾಳೋ?" ಎಂದು ಊರವರು ಕೇಳಿದರೆ ಅಪ್ಪ, "ಎರಡೂ ಕಡೆ ಹೋಗ್ತಾಳ. ಮನಿಗೆ ಬರೂದೊಂದು ಬಿಟ್ಟಾಳ" ಎನ್ನುತ್ತಿದ್ದ.

ಕೋರ್ಸು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನೇ ಕಾಯಂ ಮಾಡಿಕೊಳ್ಳುವುದು ಎಂದು ಕಂಪನಿಯ ಸರ್ ಮೊದಲೇ ಹೇಳಿದ್ದರು. ಅಪ್ಪನೂ ತನ್ನ ಕರಾರು ಹೇಳಿದ್ದ. "ನೌಕರಿ ಕಾಯಂ ಆತಂದ್ರ ಮದವಿ ಮಾತು ಎತ್ತಾಂಗಿಲ್ಲ. ಆಗಲಿಲ್ಲಂದ್ರ ಅಥಣಿ ದ್ರಾಕ್ಷಿ ತೋಟದವರು ಕೇಳಾಕತ್ತಾರ, ನೀ ಎದುರು ಮಾತಾಡಾಂಗಿಲ್ಲ." ಮೌಶಿಯ ಗಂಡನದು ಸರಕಾರಿ ಪಗಾರದ ಮನೆ. ಮಗಳ ಮದುವೆಗೆ ಅಲ್ಲಿ ಯಾರಿಗೂ ಅವಸರವಿರಲಿಲ್ಲ. ಆ ಕೆಲಸ ನನಗೆ ಬೇಕೇ ಬೇಕಿತ್ತು, ಅವಳಿಗೆ ಸಿಕ್ಕರೂ ಸರಿ, ಬಿಟ್ಟರೂ ಸರಿ. ಆದರೂ ಸರ್ ನಕ್ಕು ಮರಾಠಿಯಲ್ಲಿ ಮಾತಾಡಿಸುತ್ತಿದ್ದದ್ದು ಅವಳನ್ನೇ. ಮರಾಠಿ ನನಗೆ ಅವಳಿಗಿಂತ ಚೆನ್ನಾಗಿ ಬರುತ್ತದೆ!

ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪೂರ್ತಿ ಓದಬೇಕು. ಎಲ್ಲ ಸರಿಯಿದೆ ಎಂದು ಅವರು ಒಪ್ಪಿಗೆಯ ಬಟನ್ ಒತ್ತಿದ ಮೇಲೆಯೇ ಅದು ಆ್ಯಪಿಗೆ ಸೇರುವುದು. ಅವಳದನ್ನು ನಾನು ಓದಬೇಕು, ನನ್ನದನ್ನು ಅವಳು. ನನಗೆ ಇದಕ್ಕಿಂತ ಹಬ್ಬ ಬೇಕೆ? ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅವಳ ಒಂದೊಂದು ಸಾಲನ್ನೂ ಆರಿಸುತ್ತಿದ್ದೆ. ಫೋನ್ ನಂಬರ್ ಖಾಲಿ ಬಿಟ್ಟರೆ ಏನಾಗುತ್ತದೆ? ಒಂದೇ ಟ್ರ್ಯಾಕ್ಟರನ್ನು ಇಬ್ಬರು ಒಟ್ಟಿಗೆ ಬುಕ್ ಮಾಡಿದರೆ? ತಪ್ಪು ಸಿಕ್ಕ ದಿನ ನನಗೆ ಎರಡು ರೊಟ್ಟಿ ಹೆಚ್ಚು ಸೇರುತ್ತಿತ್ತು. ಅವಳಿಗೋ ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. "ಯವ್ವಾ, ಎಷ್ಟ ಛಲೋ ಹುಡುಕ್ತಿ ಬೇ ನೀ!" ಎಂದು ಕೂತು ತಿದ್ದುತ್ತಿದ್ದಳು. ನನ್ನ ಕೋಡಿಗೆ ಅವಳಿಂದ ಕೂಡಲೇ ಒಪ್ಪಿಗೆ ಬೀಳುತ್ತಿತ್ತು. ಪಾಪ, ನನ್ನದರಲ್ಲಿ ಹಿಡಿಯಲು ಅವಳಿಗೆ ಏನೂ ಸಿಗುವುದಿಲ್ಲ ಎಂದು ನಾನು ಬೀಗುತ್ತಿದ್ದೆ.

ಕೊನೆಯ ವರ್ಷ ನಾವು ಮಾಡಿದ್ದು ರೈತರ ಆ್ಯಪ್. ಕಾಗವಾಡ, ಅಥಣಿ, ರಾಯಬಾಗ ಕಡೆಯವರು ಬಾಡಿಗೆಗೆ ಎತ್ತಿನ ಜೋಡಿ, ಟ್ರ್ಯಾಕ್ಟರ್, ದ್ರಾಕ್ಷಿಗೆ ಔಷಧಿ ಹೊಡೆಯುವ ಬ್ಲೋವರ್ ಎಲ್ಲವನ್ನೂ ಅದರಲ್ಲಿ ಹೇಳಿಡಬಹುದು. ಯಾವ ದಿನ ಏನು ಸಿಗುತ್ತದೆ ಎಂದು ತೋರಿಸುವ ಭಾಗ ನನ್ನದು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತು ಹೂಡುವುದಿಲ್ಲ. ನಮ್ಮ ಮನೆಯಲ್ಲಂತೂ ಅಜ್ಜ ಟ್ರ್ಯಾಕ್ಟರನ್ನೂ ಹೂಡಗೊಡುತ್ತಿರಲಿಲ್ಲ. "ಎತ್ತಿನ ಕೆಲಸ ಮಾಡ್ತೈತಿ ಅಂದ್ರ ಅದೂ ಎತ್ತ" ಎನ್ನುತ್ತಿದ್ದ. ಅಜ್ಜ ಹೋದ ಮೇಲೂ ಸೋಮವಾರ ಬಂದರೆ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಬೇವಿನ ಮರದ ಕೆಳಗೆ ನಿಲ್ಲಿಸುತ್ತಾರೆ. ಹುಟ್ಟಿದಾಗಿನಿಂದ ಕಂಡದ್ದೇ ಅದು, ಜಗತ್ತೆಲ್ಲ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಕೈ ತಾನೇ ಸೋಮವಾರವನ್ನು ಎಲ್ಲದಕ್ಕೂ ಬಂದ್ ಎಂದು ಬರೆಯಿತು.

ಆ್ಯಪ್ ಶುರುವಾದ ಕೆಲವೇ ದಿನಕ್ಕೆ, ಒಂದು ಭಾನುವಾರ, ಅಥಣಿ ಕಡೆ ಅಕಾಲದ ಮಳೆ ಹೊಡೆಯಿತು. ಮಳೆ ಬಿದ್ದ ದ್ರಾಕ್ಷಿಗೆ ಬೆಳಗಾದರೆ ಔಷಧಿ ಹೋಗಲೇಬೇಕು, ತಡವಾದರೆ ರೋಗ ಬೀಳುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಬ್ಲೋವರ್ ಹುಡುಕಿದರೆ ಮೂರೂ ತಾಲೂಕಿನಲ್ಲಿ ಒಂದೂ ಇಲ್ಲ ಎಂದು ಆ್ಯಪ್ ತೋರಿಸಿತು. ಕಂಪನಿಯ ಫೋನು ಬಾಯಿ ಮುಚ್ಚಲಿಲ್ಲ.

ಸರ್ ಎಲ್ಲರನ್ನೂ ಕೂಡಿಸಿ ಕೇಳಿದರು. "ಅರೆ, ಸೋಮವಾರ ಯಾಕ ಬಂದ್ ಇಟ್ಟಿ?"

"ಸೋಮವಾರ ಹೂಡಂಗಿಲ್ಲಲ್ರಿ ಸರ್" ಎಂದೆ ನಾನು.

"ಎತ್ತು ಹೂಡಂಗಿಲ್ಲ, ಖರೆ. ಬ್ಲೋವರಿಗೆ ಎಲ್ಲಿ ಬಸವಣ್ಣ ಬಂದ?"

ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಅವಳು ಎದ್ದು ನಿಂತಳು. "ಒಪ್ಪಿಗಿ ಕೊಟ್ಟಾಕಿ ನಾನ್ರಿ ಸರ್. ನಂದೂ ತಪ್ಪೈತ್ರಿ."

ನಗು ನಿಂತಿತು. ಎಲ್ಲರೂ ಅವಳನ್ನು ಮೆಚ್ಚಿ ನೋಡಿದರು. ತಪ್ಪು ಮಾಡಿದವಳು ನಾನು, ಹೆಸರು ಬಂದದ್ದು ಅವಳಿಗೆ! ಇವಳ ಮನಿ ಹಾಳಾಗ್ಲಿ ಎಂದುಕೊಂಡೆ. ಆ ಮನೆಯಲ್ಲೇ ನಾನೂ ಉಣ್ಣುತ್ತೇನೆ ಎಂಬುದು ಆಮೇಲೆ ನೆನಪಾಯಿತು.

ಕೋರ್ಸಿನ ಕೊನೆಗೆ ಸರ್ ಇಬ್ಬರನ್ನೂ ಕರೆದು, ಕಾಯಂ ಕೆಲಸ ಅವಳಿಗೆ ಎಂದು ಹೇಳಿದರು. ನನ್ನ ಮುಖ ನೋಡಲಾಗದೆ ಕಂಪ್ಯೂಟರ್ ನೋಡುತ್ತಾ ಮಾತಾಡಿದರು. "ನೀನೂ ಹುಷಾರ್ ಇದ್ದಿ. ಆದ್ರ ಈಕಿದು ಒಂದೂ ಕೋಡ್ ಇವತ್ತಿಗೂ ಕೆಟ್ಟಿಲ್ಲ ನೋಡು. ಕೈ ಭಾಳ ಸ್ವಚ್ಛ ಐತಿ."

ಸಂಜೆ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ನಾನು ಒಂದು ಕಡೆ, ಅವಳು ಒಂದು ಕಡೆ. ಅವಳೇ ಹತ್ತಿರ ಬಂದಳು. "ಮಾತಾಡ ಬೇ" ಎಂದಳು.

"ನನ್ನ ಹೊಟ್ಟಿ ಉರಿಯಾಕತ್ತೈತಿ. ಸುಮ್ನ ಕೂಡು" ಎಂದೆ. ಸುಮ್ಮನಿರಲು ನನಗೇ ಆಗಲಿಲ್ಲ. "ಆ ಸೋಮವಾರದ್ದು ನಿನಗ ಕಂಡಿತ್ತು. ಬೇಕಂತ ಬಿಟ್ಟಿ, ಹೌದಿಲ್ಲೋ?"

ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. "ನಾ ಅದನ್ನ ಓದಿದ್ದಿಲ್ಲ ಬೇ."

"ಓದಿದ್ದಿಲ್ಲ?"

"ನಿಂದು ಯಾವಾಗ ಓದೀನಿ ನಾ? ಮೂರು ವರ್ಷದಾಗ ಒಂದೂ ಓದಿಲ್ಲ. ನಂದನ್ನ ಇಷ್ಟು ಜೋಕಿಲೆ ನೋಡಾಕಿ, ತನ್ನದನ್ನ ಇನ್ನೆಷ್ಟ ನೋಡಿರ್ತಾಳ ಅಂತ ಒತ್ತಿಬಿಡ್ತಿದ್ದೆ."

ನನಗೆ ನಗು ಬಂತೋ ಅಳು ಬಂತೋ ಈಗಲೂ ತಿಳಿಯದು. ಅವಳ ಕೈಯ ಆ ಸ್ವಚ್ಛತೆ ಎಲ್ಲಿಂದ ಬಂದಿತ್ತು ಎಂದು ನನಗೊಬ್ಬಳಿಗೇ ಗೊತ್ತು. ಅವಳನ್ನು ಬೀಳಿಸಬೇಕೆಂದು ನಾನು ಆರಿಸಿ ತೆಗೆದ ಕಲ್ಲುಗಳಿಂದ ಅವಳ ಅಕ್ಕಿ ಹಸನಾಗಿತ್ತು. ನನ್ನ ಅಕ್ಕಿಯನ್ನು ಮಾತ್ರ ಅವಳು ನನ್ನ ಮೇಲಿನ ನಂಬಿಕೆಯಿಂದ ಹಾಗೇ ಒಲೆಗೆ ಇಟ್ಟಿದ್ದಳು.

ಚಿಕ್ಕೋಡಿ ಬಸ್ಸು ಬಂತು. ಅವಳು ಓಡಿ, ಕಿಟಕಿಯಿಂದ ಓಢಣಿ ಎಸೆದು ಇಬ್ಬರಿಗೂ ಸೀಟು ಹಿಡಿದಳು. ಕಿಟಕಿಯ ಪಕ್ಕ ನನ್ನನ್ನೇ ಕೂಡಿಸಿದಳು. ಬಸ್ಸು ಊರು ದಾಟುವಾಗ ಅಪ್ಪನ ಫೋನು ಬಂತು.

"ಏನಾತವಾ? ಕಾಯಂ ಆತೇನು?"

"ನನ್ನ ಕೆಲಸ ಕಾಯಂ ಆಗೇತಪ್ಪ. ನಾ ಆಗಿಲ್ಲ."

ಅಪ್ಪನಿಗೆ ಅರ್ಥವಾಗಲಿಲ್ಲ. "ಹಂಗಾರ ಅಥಣ್ಯಾವರಿಗೆ ಬರ್ರಿ ಅನ್ಲೇನು?" ಎಂದು ಮೆಲ್ಲಗೆ ಕೇಳಿದ. "ಬಸ್ಸಿನ್ಯಾಗ ಅದೀನಿ, ಆಮ್ಯಾಲ ಹೇಳ್ತೀನಿ" ಎಂದು ಫೋನು ಇಟ್ಟೆ. ಪಕ್ಕದಲ್ಲಿ ಅವಳು ಆಗಲೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದಳು. ಆ ನಿದ್ದೆಗೂ ನನಗೆ ಹೊಟ್ಟೆಕಿಚ್ಚಾಯಿತು.