ಬಲಗಡೆಯಿಂದ ಓದುವ ಹದಿನಾರು ಪುಟ

ಪ್ರಭಾಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಆಸ್ಟಿನ್ನಿನ ಬಾಡಿಗೆ ಮನೆಯಲ್ಲಿದ್ದಾಗ, ಮಗಳು ಸಂಹಿತಾ ಇನ್ನೂ ಹೊಟ್ಟೆಯಲ್ಲಿದ್ದ ವರ್ಷ, ಗಂಡ ಗೋಪಾಲಕೃಷ್ಣ ಅವುಗಳ ಮೇಲೆ ಕಾರಿನ ಬಾಗಿಲು ಹಾಕಿದ್ದ. ಡಾಕ್ಟರರ ಮುಂದೆ ಅವಳೇ "ನನ್ನ ಗಡಿಬಿಡಿ" ಎಂದಿದ್ದಳು. ಹದಿನೆಂಟು ವರ್ಷವಾಯಿತು. ಈಗ ಮರ್ಫಿ ಎಂಬ ಊರಿನಲ್ಲಿ ಸ್ವಂತ ಮನೆ. ಹತ್ತಿರದ ಕ್ಯಾರಲ್ಟನ್ನಿನ ದಿನಸಿ ಅಂಗಡಿಯ ಮೂಲೆಯಲ್ಲಿ ಅವಳು ರವಿಕೆ ಹೊಲಿಯುತ್ತಾಳೆ. ಉಳಿದ ಎಂಟು ಬೆರಳು ಅದಕ್ಕೆ ಸಾಕು.

ಸಂಹಿತಾಳ ಕೈಯಲ್ಲಿ ಚಿತ್ರ ಬರೆಯುವ ಕಲೆಯಿತ್ತು. ಜಪಾನಿನಲ್ಲಿ ಕಾಮಿಕ್ಸ್, ಅನಿಮೇಷನ್ ಕಲಿಸುವುದಕ್ಕೇ ಹೆಸರಾದ ವಿಶ್ವವಿದ್ಯಾಲಯವೊಂದಕ್ಕೆ ಅವಳು ಅರ್ಜಿ ಹಾಕುತ್ತಿದ್ದಳು. ಹದಿನಾರು ಪುಟದ ಚಿತ್ರಕಥೆ ಬರೆದು, ಮೂಲ ಹಾಳೆಗಳನ್ನೇ ಕಳಿಸಬೇಕಿತ್ತು. ಅಕ್ಟೋಬರಿನಲ್ಲಿ ಒಮ್ಮೆ ಬರೆದು ಮುಗಿಸಿದ್ದಳು. ಅದರೊಳಗಿನ ಗಂಡಸಿನ ಮುಖ ತನ್ನಂತಿದೆ ಎಂದು ಗೋಪಾಲಕೃಷ್ಣ ಎಲ್ಲವನ್ನೂ ಹರಿದ. ಅಡ್ಡ ಬಂದ ಪ್ರಭಾಳ ತಲೆಯನ್ನು ಫ್ರಿಜ್ಜಿನ ಬಾಗಿಲಿಗೆ ಎರಡು ಸಲ ಅಪ್ಪಳಿಸಿದ.

ಸಂಹಿತಾ ಮತ್ತೆ ಬರೆದಳು. ಈ ಸಲ ಗಂಡಸಿಗೆ ಮುಖವಿಲ್ಲ, ಕೈ ಮಾತ್ರ. ಇಡೀ ಕಥೆಯಲ್ಲಿ ಮಾತೂ ಇಲ್ಲ.

ಶನಿವಾರ ಸಂಜೆ ಐದರೊಳಗೆ ಕೊರಿಯರ್ ಹೋಗಬೇಕು. ಮೂರಕ್ಕೆ ಕೊನೆಯ ಹಾಳೆ ಫೈಲಿಗೆ ಸೇರಿತು. ಜಪಾನಿನವರ ಓದು ಬಲಗಡೆಯಿಂದ ಎಡಕ್ಕೆ. ಫೈಲು ತೆರೆಯುವುದೂ ಹಾಗೆಯೇ. ಮಗಳು ಅದನ್ನು ಅಮ್ಮನಿಗೆ ತೋರಿಸುತ್ತಿದ್ದಾಗಲೇ, ಕ್ರಿಕೆಟ್ ಮ್ಯಾಚು ಸೋತ ಗೋಪಾಲಕೃಷ್ಣ ಬೇಗ ಮನೆಗೆ ಬಂದ.

"ತಾ ಇಲ್ಲೆ. ಏನ್ ಗೀಚ್ಯಾಳ ನೋಡೂಣು."

ಫೈಲು ಕಸಿದು ಎಡಗಡೆಯಿಂದ ತೆರೆದ.

"ಡ್ಯಾಡ್, ಯು ಆರ್ ಹೋಲ್ಡಿಂಗ್ ಇಟ್..."

ಪ್ರಭಾ ಮಗಳ ಕಾಲು ತುಳಿದಳು.

ಅವನು ಮೊದಲು ನೋಡಿದ್ದು ಕೊನೆಯ ಪುಟವನ್ನು: ಮನೆಯ ಮುಂದೆ ಕಾರು, ಕಾರಿನೊಳಗೆ ತಾಯಿ, ಮಗಳು. "ಊರಿಂದ ಹೊಳ್ಳಿ ಬಂದ್ರೇನು," ಎಂದ. ಮುಂದೆ ಅಡುಗೆಮನೆಯ ನೆಲದ ಮೇಲೆ ಬಿದ್ದ ಹೆಂಗಸು. ಮೇಲೆತ್ತಿದ ಮುಷ್ಟಿ. ಒಡೆದ ಚಹಾ ಕಪ್ಪು. ಆಮೇಲೆ ಒಡೆಯದ ಕಪ್ಪು, ನಿಂತಿರುವ ಹೆಂಗಸು. ಅವನಿಗೆ ಕೊನೆಗೆ ಸಿಕ್ಕಿದ್ದು ಮೊದಲ ಪುಟ: ಮೂವರು ಕೂತು ರೊಟ್ಟಿ ತಿನ್ನುವ ಟೇಬಲ್ಲು.

"ಈ ಕೈ ಯಾರದು?"

ಪುಟ ಹಿಡಿದ ಅವನ ಕೈಯಲ್ಲೂ ಅದೇ ಸೊಟ್ಟ ಹೆಬ್ಬೆರಳು, ಅದೇ ಮಚ್ಚೆ. ಪ್ರಭಾ ಎರಡನ್ನೂ ನೋಡಿದಳು.

"ಯಾವನೋ ಕಳ್ಳ ಇರಬೇಕು ಬಿಡ್ರಿ."

"ಕಡೀಕ ಎಲ್ಲಾರೂ ಕೂಡಿ ಉಣ್ಣತಾರ. ಛಲೋ ಅದ. ಈಗರೆ ಸಂಸಾರ ಅಂದ್ರೇನಂತ ತಿಳೀತು ಇಕಿಗೆ." ಫೈಲನ್ನು ಟೇಬಲ್ಲಿನ ಮೇಲೆ ಎಸೆದ. "ಕಳಸು. ಏ, ಚಹಾ ತಾ."

ಹಾಳೆಗಳು ಉಳಿದವು ಎಂಬ ನಿರಾಳದಲ್ಲಿ ಪ್ರಭಾ ಕಪ್ಪು ಚಾಚುತ್ತ ಮಗಳ ಕಡೆ ನೋಡಿದಳು. ಚಹಾ ಅವನ ಬಿಳಿ ಪ್ಯಾಂಟಿನ ಮೇಲೆ ಚೆಲ್ಲಿತು.

ಅವನೆಸೆದ ಕಪ್ಪು ಅವಳ ಬಾಯಿಗೆ ಬಡಿದು ಒಡೆಯಿತು. ಅದರ ಹಿಂದೆಯೇ ಮುಷ್ಟಿ ಬಂತು. ಒಂಬತ್ತನೇ ಪುಟ, ಎಂದುಕೊಂಡಳು. ಕೂದಲು ಹಿಡಿದೆಳೆದ, ಒಲೆಯ ಅಂಚು ಹುಬ್ಬನ್ನು ಸೀಳಿತು. ಹನ್ನೊಂದು. ನೆಲಕ್ಕೆ ಬಿದ್ದವಳ ಪಕ್ಕೆಗೆ ಬೂಟುಗಾಲಿನಲ್ಲಿ ಒದ್ದ, ಮತ್ತೆ ಒದ್ದ. ಒಳಗೆ ಏನೋ ಲಟ್ ಎಂದಿತು. ಅಡ್ಡ ಬಂದ ಸಂಹಿತಾಳನ್ನು ಗೋಡೆಗೆ ದೂಡಿದ. ದಣಿದ ಮೇಲೆ ಪ್ಯಾಂಟು ನೋಡಿಕೊಂಡು ಬೈಯುತ್ತ ಸ್ನಾನಕ್ಕೆ ಹೋದ. ನೀರು ಸುರಿಯುವ ಸದ್ದು ಕೇಳಿಸಿತು.

ಪ್ರಭಾ ಒಂದು ಹಲ್ಲನ್ನು ಸಿಂಕಿಗೆ ಉಗುಳಿದಳು. ಮಗಳು ಫೈಲನ್ನು ಎದೆಗವಚಿ ನಿಂತಿದ್ದಳು.

"ಇನ್ನ ಎಷ್ಟ್ ಪುಟ ಉಳದಾವು?"

"ಒನ್," ಎಂದಳು ಸಂಹಿತಾ. "ಜಸ್ಟ್ ದ ಕಾರ್."

ಪ್ರಭಾ ಕೀಲಿಕೈ ತೆಗೆದುಕೊಂಡಳು.

ಕೊರಿಯರ್ ಕೌಂಟರಿನಲ್ಲಿದ್ದ ಹುಡುಗಿ ಅವಳ ಬಾಯಿ ನೋಡಿ ಪೊಲೀಸರಿಗೆ ಫೋನ್ ಮಾಡಲೇ ಎಂದು ಕೇಳಿದಳು. "ಮೊದಲು ಇದು," ಎಂದು ಪ್ರಭಾ ಇಂಗ್ಲಿಷಿನಲ್ಲಿ ಹೇಳಿ ಪೊಟ್ಟಣ ಮುಂದಿಟ್ಟಳು. ಆಮೇಲೆ ಫೋನ್ ಮಾಡಿಸಿದಳು. ಬಂದ ಅಧಿಕಾರಿಯ ಮುಂದೆ ಈ ಸಲ 'ನನ್ನ ಗಡಿಬಿಡಿ' ಎನ್ನಲಿಲ್ಲ. ಹೂಸ್ಟನ್ನಿನ ಹಿಲ್‌ಕ್ರಾಫ್ಟಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸೀತಾಬಾಯಿಯ ವಿಳಾಸವನ್ನೇ ತನ್ನದೆಂದು ಬರೆಸಿದಳು. ಒಂದು ಮೆಷಿನ್ ಖಾಲಿ ಇದೆ, ಬಾ ಎಂದು ಆಕೆ ಎರಡು ವರ್ಷದಿಂದ ಹೇಳುತ್ತಿದ್ದಳು.

ಸಂಹಿತಾಳ ಕೈಯಲ್ಲಿದ್ದ ಫೋನು ರಿಂಗಾಗತೊಡಗಿತು. ಅಪ್ಪ.

"ಇರ್ಲಿ ಬಿಡು," ಎಂದಳು ಪ್ರಭಾ, ಊದಿದ ತುಟಿಯಲ್ಲೇ. "ಹೊಳ್ಳಿ ಬರೋ ಕಾರು ಅಂತ ಓದ್ಯಾನಲ್ಲ ಅಂವ. ಕಾಯಲಿ."