ಕಳೆದ ಪುಟಗಳ ಜಾಗಕ್ಕೆ ಖಾಲಿ ಹಾಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಗೆ ತೆರೆದುಕೊಂಡ ಮುಂಗೋಣೆಯಲ್ಲಿ ಮೈದಾ ಅಂಟು ಕುದಿಯುತ್ತಿದೆ. ಹುಳ ಹತ್ತದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತವೂ ಬಿದ್ದಿದೆ. ಒಲೆಯ ಮುಂದೆ ನಿಂತವರ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬೆನ್ನು ಕಿತ್ತುಹೋದ ಕಾದಂಬರಿ. ಕಣ್ಣು ಸೌಟಿನ ಕಡೆಗಂತೂ ಇಲ್ಲ.

"ಅಂಟು ತಳ ಹಿಡಿಯುತ್ತೆ ಕಣೇ," ಎನ್ನುತ್ತಾರೆ ಮೂಲೆಯಲ್ಲಿ ಕುಳಿತ ಅತ್ತೆ.

"ಒಂದೇ ಪುಟ ಅತ್ತೆ. ಕಳ್ಳ ಸಿಕ್ಕಿಬೀಳೋ ಹೊತ್ತು."

"ಅವನು ಎಲ್ಲಿಗೂ ಹೋಗಲ್ಲ. ಅಂಟು ಹೋಗುತ್ತೆ."

ಬೀದಿಯವರ ಬಾಯಲ್ಲಿ ಇವರು ಬೈಂಡಿಂಗ್ ಅಕ್ಕ. ಹತ್ತಿರದ ಗ್ರಂಥಾಲಯಗಳಲ್ಲಿ ಓದಿಸಿಕೊಂಡು ಸುಸ್ತಾದ ಪುಸ್ತಕಗಳೆಲ್ಲ ಕಟ್ಟುಕಟ್ಟಾಗಿ ಇಲ್ಲಿಗೆ ಬರುತ್ತವೆ. ಹಳೇ ಹೊಲಿಗೆ ಬಿಚ್ಚಬೇಕು, ಹಾಳೆಗಳನ್ನು ಸಾಲಾಗಿ ಜೋಡಿಸಬೇಕು, ಮತ್ತೆ ಹೊಲಿದು, ಅಂಟು ಬಳಿದು, ರಟ್ಟು ಕೂರಿಸಬೇಕು. ಇಷ್ಟರ ನಡುವೆ ಅಕ್ಕ ಪುಸ್ತಕವನ್ನು ಓದಿಯೂ ಮುಗಿಸಿರುತ್ತಾರೆ. ಕೆಲಸ ಹೇಳಿಕೊಟ್ಟ ಅತ್ತೆಗೆ ಇದು ಆಗಿಬರುತ್ತಿರಲಿಲ್ಲ. "ಹೊಲಿಯೋಕೆ ಕೊಟ್ರೆ ಓದ್ತಾ ಕೂರ್ತಾಳೆ" ಎಂದು ಬಂದವರೆದುರೆಲ್ಲ ಮೂಗು ಮುರಿಯುತ್ತಿದ್ದರು.

ಗ್ರಂಥಾಲಯಕ್ಕೆ ಹೊರಟವರು ಈಗ ಈ ಬಾಗಿಲಲ್ಲಿ ನಿಂತು, ಯಾವುದು ಓದಬಹುದು ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಅಕ್ಕನದು ಮುಲಾಜಿಲ್ಲದ ಮಾತು. ಮೊನ್ನೆ ಮುಗಿಸಿದ ಪತ್ತೇದಾರಿ ಕಥೆಯ ಬಗ್ಗೆ: "ಕೊಂದಿದ್ದು ಡಾಕ್ಟರು ಅಂತ ಅರ್ಧಕ್ಕೇ ಗೊತ್ತಾಯ್ತು. ಆದ್ರೂ ಬಿಡೋಕಾಗ್ಲಿಲ್ಲ. ಪಾಪ, ಅವನ ಹೆಂಡ್ತಿಗೆ ಯಾವಾಗ ಗೊತ್ತಾಗುತ್ತೋ ಅನ್ನೋದೇ ಚಿಂತೆ." ಪ್ರವಾಸಕಥನವೊಂದರ ಬಗ್ಗೆ: "ಬೆಟ್ಟ ಹತ್ತಿದ್ದನ್ನ ಸೊಗಸಾಗಿ ಬರೆದಿದ್ದಾರೆ. ಸಾಮಾನು ಹೊತ್ತವನ ಮಾತೇ ಇಲ್ಲ. ಇವರಿಗಿಂತ ಮುಂಚೆ ಹತ್ತಿ ಅಡುಗೆ ಮಾಡಿಟ್ಟಿದ್ದು ಅವನು." ಒಂದು ಕವನ ಸಂಕಲನ ಎರಡು ಸಲ ಓದಿದರೂ ತಲೆಗೆ ಹತ್ತಿಲ್ಲ. "ಆದ್ರೆ ಪಾತ್ರೆ ತೊಳೆಯುವಾಗ ಅದರದ್ದೊಂದು ಸಾಲು ತಾನಾಗೇ ಬಾಯಿಗೆ ಬರುತ್ತೆ. ಅದಕ್ಕೇನಂತೀರಿ?"

ಅತ್ತೆಯ ಕಣ್ಣು ಪೂರ್ತಿ ಹೋದ ಮೇಲೆ ಮನೆಯ ಲೆಕ್ಕಾಚಾರ ತಲೆಕೆಳಗಾಯಿತು. ಓದಬೇಡ ಎನ್ನುತ್ತಿದ್ದವರೇ "ಮುಂದೇನಾಯ್ತು?" ಎಂದು ಪೀಡಿಸತೊಡಗಿದರು. ಸೊಸೆ ಹೊಲಿಯುತ್ತಾ ಕಥೆ ಹೇಳುವುದು, ಅತ್ತೆ ರಟ್ಟಿನ ಒಳಗೆ ಅಂಟಿಸುವ ರಕ್ಷಾಹಾಳೆ ಮಡಿಸುತ್ತಾ ಕೇಳುವುದು ರೂಢಿಯಾಯಿತು.

ಆಗ ಬಂದದ್ದು ಮಾತು ಬಿಟ್ಟ ಅಕ್ಕತಂಗಿಯರ ಕಾದಂಬರಿ. ಅದರಲ್ಲಿ ವರ್ಷಗಳ ಮೇಲೆ ಅಕ್ಕ ಮನಸ್ಸು ಮಾಡಿ ರೈಲು ಹತ್ತುತ್ತಾಳೆ. ತಂಗಿಯ ಊರಿನಲ್ಲಿ ರೈಲು ನಿಲ್ಲುತ್ತದೆ. ಅಲ್ಲಿಂದ ಮುಂದಿನ ಪುಟಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡು ಹೋಗಿದ್ದರು. ಪುಟ ಕಳೆದ ಕಡೆ ಅಷ್ಟೇ ಖಾಲಿ ಹಾಳೆ ಸೇರಿಸಿ ಹೊಲಿಯುವುದು ಈ ಮನೆಯ ಪದ್ಧತಿ. ಇಲ್ಲೇನೋ ಕಳೆದಿದೆ ಎಂದು ಓದುವವರಿಗೆ ಗೊತ್ತಾಗಬೇಕು ಎಂಬುದು ಅತ್ತೆಯದೇ ನಿಯಮ. ಸೊಸೆ ಹಾಗೆಯೇ ಹೊಲಿದರು. ಕಥೆಯನ್ನು ಮಾತ್ರ ತಾವೇ ಮುಗಿಸಿದರು: ಅಕ್ಕ ಇಳಿದಳು, ತಂಗಿ ಓಡಿಬಂದು ತಬ್ಬಿಕೊಂಡಳು.

"ಕಣ್ಣು ಹೋಗಿ ಮಂಕಾಗಿದ್ರು. ಒಂದು ಸಂತೋಷದ ಕೊನೆ ಕೊಡೋಣ ಅಂತ ಹೇಳ್ಬಿಟ್ಟೆ," ಎನ್ನುತ್ತಾರೆ ಬೈಂಡಿಂಗ್ ಅಕ್ಕ.

ಹೊಲಿಗೆ ಬಿಗಿಯಾಗಿದೆಯೇ ಎಂದು ನೋಡಲು ಅತ್ತೆ ಆ ಪುಸ್ತಕವನ್ನು ಕೈಗೆತ್ತಿಕೊಂಡರು. ಬೆರಳು ಕೊನೆಯ ಹಾಳೆಗಳ ಮೇಲೆ ನಿಂತಿತು. ಹಳೇ ಕಾಗದದ ಒರಟಿಲ್ಲ, ಅಚ್ಚಿನ ಗುರುತಿಲ್ಲ.

"ನುಣ್ಣಗಿದೆಯಲ್ಲೇ. ಅಕ್ಕತಂಗಿ ಯಾವ ಪುಟದಲ್ಲಿ ಒಂದಾದ್ರು?" ಎಂದರು. "ಕಣ್ಣಿಲ್ಲದವಳಿಗೆ ಏನು ಹೇಳಿದ್ರೂ ನಡೆಯುತ್ತೆ ಅಂದ್ಕೊಂಡ್ಯಾ?"

ಅಂದಿನಿಂದ ಯಾವ ಕಥೆ ಮುಗಿದರೂ ಅತ್ತೆ ಕೈ ಚಾಚುತ್ತಿದ್ದರು. ಪುಸ್ತಕ ತೆಗೆದುಕೊಂಡು ಕೊನೆಯ ಹಾಳೆಗಳನ್ನು ಒಂದೊಂದಾಗಿ ತಡವಿ ನೋಡಿ ವಾಪಸು ಕೊಡುತ್ತಿದ್ದರು. ಕಥೆ ಮುಗಿದಾಗಲೆಲ್ಲ ನಿನಗೆ ಹೇಗನ್ನಿಸಿತು ಎಂದು ಕೇಳುತ್ತಿದ್ದುದನ್ನು ಬಿಟ್ಟರು. "ಬೈದಿದ್ರೆ ತಡ್ಕೋತಿದ್ದೆ. ಆ ಬೆರಳು ನೋಡೋಕಾಗ್ತಿರಲಿಲ್ಲ," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ. ಅವರಿಗೆ ಈಗಲೂ ನಾಚಿಕೆಯಿದೆ, ಅದನ್ನು ಮುಚ್ಚಿಡುವುದೂ ಇಲ್ಲ.

ಕಳೆದ ತಿಂಗಳು ಬೇರೊಂದು ಗ್ರಂಥಾಲಯದ ಕಟ್ಟಿನಲ್ಲಿ ಅದೇ ಕಾದಂಬರಿಯ ಇನ್ನೊಂದು ಪ್ರತಿ ಬಂತು. ಬೆನ್ನು ಹರಿದಿದ್ದರೂ ಪುಟಗಳು ಪೂರ್ತಿ ಇದ್ದವು. ಅಕ್ಕ ಕೊನೆ ಓದಿದರು. ತಾವು ಹೇಳಿದ್ದಕ್ಕೆ ಪೂರಾ ಉಲ್ಟಾ. ಸುಮ್ಮನೆ ಹೊಲಿದು ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಳಿಸಲಿಲ್ಲ. ಅತ್ತೆಯ ಪಕ್ಕ ಕುಳಿತು ಆ ಪುಟಗಳನ್ನು ಒಂದಕ್ಷರ ಬಿಡದೆ ಓದಿದರು.

"ಇಳೀಲೇ ಇಲ್ವಾ ಅವಳು?"

"ಇಲ್ಲ ಅತ್ತೆ. ತಂಗಿ ಬೆಂಚಿನ ಮೇಲೆ ಕೂತಿದ್ಳು. ಇವಳು ಕಿಟಕಿಯಿಂದ ನೋಡಿದ್ಳು. ರೈಲು ಹೊರಡ್ತು."

ಅತ್ತೆ ಕೈಯಲ್ಲಿದ್ದ ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದರು. ಆಮೇಲೆ, "ನಿನಗೆ ಹೇಗನ್ನಿಸ್ತು?" ಎಂದರು.

"ಕೆಟ್ಟ ಕೋಪ ಬಂತು. ನಾನಾಗಿದ್ರೆ ಇಳಿಸಿಬಿಡ್ತಿದ್ದೆ."

"ಇಳಿಸಿದ್ದೆಯಲ್ಲ," ಎಂದರು ಅತ್ತೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈ ಕೆಲಸದಲ್ಲಿ ನಿಮಗೆ ಹೆಮ್ಮೆ ಎನಿಸುವುದು ಯಾವುದು ಎಂದರೆ ಅಕ್ಕ ಹೊಸ ರಟ್ಟನ್ನೋ ಬಿಗಿ ಹೊಲಿಗೆಯನ್ನೋ ತೋರಿಸುವುದಿಲ್ಲ. ಅಂಟಿನ ಕೈ ಒರೆಸಿಕೊಂಡು, ಅತ್ತೆಗೆ ಕೇಳದಂತೆ ಹೇಳುತ್ತಾರೆ: "ಈಗ ಕಥೆ ಮುಗಿಸಿ ಪುಸ್ತಕ ಕೈಗೆ ಕೊಟ್ರೆ, ಹಾಗೇ ಪಕ್ಕಕ್ಕಿಡ್ತಾರೆ. ತಡವಿ ನೋಡಲ್ಲ."