ತೂಬು ಎತ್ತುವವನ ಪಾಲು

ಶಿರಾದ ಬಸ್ ನಿಲ್ದಾಣದ ಹಿಂದಿನ ತಮ್ಮ ಡಿಟಿಪಿ ಅಂಗಡಿಯಲ್ಲಿ ತಿಪ್ಪೇಸ್ವಾಮಿಯವರು ಹಳೆಯ ಮದುವೆ ಪತ್ರಿಕೆಗಳ ಬೆನ್ನ ಮೇಲೆ ಕಂಪ್ಯೂಟರಿನಲ್ಲಿ ಒಡೆದು ಕಂಡ ಅಕ್ಷರಗಳನ್ನು ಬರೆದು ಗೋಡೆಗೆ ಅಂಟಿಸುತ್ತಿದ್ದರು. ಒಂದರಲ್ಲಿ ಅರ್ಕಾವತ್ತು ಕಳಚಿದ ‘ಧರ್ಮ’, ಇನ್ನೊಂದರಲ್ಲಿ ಒತ್ತು ಜಾರಿದ ‘ಅಜ್ಜಿ’. ಅಕ್ಷರ ಸರಿಹೋದ ದಿನ ಚೀಟಿಯನ್ನು ಕಿತ್ತು, ತಪ್ಪು ತೋರಿಸಿದವರ ಕೈಗೇ ಕೊಡುತ್ತಿದ್ದರು: “ತಗೋ, ನಿಂದು ಗೆದ್ದೈತೆ.”

ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತದೆ. ಅದನ್ನು ಮತ್ತೆ ಓದಲು ಬರುವಂತೆ ಮಾಡುವ ತಂತ್ರಾಂಶವೊಂದನ್ನು ಅವರೊಬ್ಬರೇ ಬರೆದು, ‘ಹೊರಳು’ ಎಂದು ಹೆಸರಿಟ್ಟು, ಅಂತರಜಾಲದಲ್ಲಿ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಿ ಹಂಚಬಹುದು. ಮಧುಗಿರಿಯ ವಕೀಲರ ದಾವೆಗಳು, ಕೊರಟಗೆರೆಯ ಮೇಷ್ಟರ ಪ್ರಶ್ನೆಪತ್ರಿಕೆಗಳು, ನನ್ನ ಪಿಎಚ್.ಡಿ. ಪ್ರಬಂಧ ಎಲ್ಲವೂ ಅದರೊಳಗೆ ಹಾಯ್ದು ಬಂದವು. ಪ್ರಬಂಧ ಸಲ್ಲಿಸಿ, ಗೊರವನಹಳ್ಳಿಯ ಪ್ರಸಾದ ಹಿಡಿದು ಅಂಗಡಿಗೆ ಹೋದೆ. “ಬುದ್ಧನ್ ಪಟದ ಮುಂದೆ ಇಡಮ್ಮ, ಆತನೂ ತಿನ್ಲಿ. ಈಗ ಎಲ್ಲಿ ತಪ್ಪೈತೆ ಹೇಳು” ಎಂದರು. ನನ್ನ ಹೆಸರೇ ಒಡೆಯುತ್ತದೆ ಎಂದೆ. ಚೀಟಿ ಗೋಡೆಗೇರಿತು.

ಪಕ್ಕದ ಕಡಲೆಕಾಯಿ ವ್ಯಾಪಾರಿ ರಹಮತ್ ಸಾಬರು ಕೆಣಕಿದರು: “ಅರೆ, ಫುಕಟ್ ಮಾಲಿಗೆ ಕಿಮ್ಮತ್ತು ಎಲ್ಲೈತಪ್ಪ? ಬೀಗ ಹಾಕು, ರೇಟು ಹಾಕು!”

“ನಮ್ ತಾತ ಕೆರೆ ನೀರುಗಂಟಿ, ಸಾಬ್ರೇ. ತೂಬು ಎತ್ತಿ ಗದ್ದೆಗೆ ನೀರು ಬುಡೋನು. ನೀರಿಗೆ ಬೀಗ ಹಾಕ್ಲಿಲ್ಲ. ರಾಶಿ ಮಾಡ್ದಾಗ ಗದ್ದೆಯೋರೆಲ್ಲ ಒಂದೊಂದು ಮೊರ ಅಳೆದು ಕೊಡೋರು. ತೂಬು ಎತ್ತೋನು ಹೊಟ್ಟೆಪಾಡಿಗೆ ಊರು ಬುಟ್ರೆ, ಕೆರೆ ತುಂಬಿದ್ರೂ ಗದ್ದೆ ಒಣಗ್ತೈತೆ ಅಂತ ಅವರಿಗೆ ಗೊತ್ತಿತ್ತು.”

“ನಿಮ್ ತಾತ ಕಣಕ್ಕೋಗಿ ಮೊರ ಒಡ್ತಿದ್ದ. ನೀನು ಕೇಳೋಕೇ ನಾಚ್ತೀಯ!”

ಕೊನೆಗೊಮ್ಮೆ ತಿಪ್ಪೇಸ್ವಾಮಿಯವರು ಕೇಳಿದರು. ಕಂಪ್ಯೂಟರುಗಳು ಬದಲಾದಂತೆ ‘ಹೊರಳು’ ನಿಂತುಹೋಗಿತ್ತು. ‘ಹೊಸದಾಗಿ ಬರೆಯಲು ನಾಲ್ಕು ತಿಂಗಳು ಬೇರೆ ಕೆಲಸ ಬಿಟ್ಟು ಕೂರಬೇಕು. ಬಳಸುವವರು ಕೈಲಾದಷ್ಟು ಕೊಡಿ’ ಎಂದು ಅಂತರಜಾಲದಲ್ಲೂ ಅಂಗಡಿಯ ಬಾಗಿಲಲ್ಲೂ ಬರೆದರು. ಬಂದದ್ದು ಬರೀ ದೂರು. ಮಧುಗಿರಿಯ ವಕೀಲರೊಬ್ಬರು ಅಂಗಡಿಗೆ ಬಂದು ನನ್ನೆದುರೇ ಅವರ ಮೇಲೆ ರೇಗಿದರು: “ಏನ್ರೀ, ನಾಳೆ ಕೇಸೈತೆ, ಕೈ ಕೊಟ್ಬುಟ್ರಲ್ಲ!” ನೀವೇನು ಕೊಟ್ಟಿರಿ ಎಂದು ಕೇಳಿದೆ. ಅವರು ನಿಜಕ್ಕೂ ಬೆರಗಾದರು: “ಕನ್ನಡದ ಕೆಲ್ಸ ಅಲ್ವೇನಮ್ಮ? ಇವ್ರಿಗೆ ಸರ್ಕಾರ ಸಂಬ್ಳ ಕೊಡ್ತೈತಲ್ಲ?”

ತಿಪ್ಪೇಸ್ವಾಮಿಯವರು ತಲೆ ತಗ್ಗಿಸಿ ಕೀಬೋರ್ಡಿನ ಧೂಳು ಒರೆಸುತ್ತಿದ್ದರು.

ನವೆಂಬರಿನಲ್ಲಿ ವೇದಿಕೆಯೇರಿ ಕನ್ನಡ ಉಳಿಸುವವರನ್ನು ನಾನು ಕೇಳುತ್ತೇನೆ: ನಿಮ್ಮ ಭಾಷಣದ ಅಕ್ಷರ ಒಡೆಯದಂತೆ ಕಾದವನ ಕಣದಲ್ಲಿ ನೀವು ಅಳೆದ ಮೊರ ಯಾವುದು? ಎಲ್ಲರಿಗೂ ತೆರೆದದ್ದು ಎಂದ ಮಾತ್ರಕ್ಕೆ ಅದು ತಾನಾಗಿ ಬೆಳೆಯುತ್ತದೆಯೇ? ತಿದ್ದುವ ಹಕ್ಕು ನಮಗೆಲ್ಲ ಇತ್ತು. ತಿದ್ದುವವನನ್ನು ಉಳಿಸಿಕೊಳ್ಳುವ ಹೊಣೆ ಯಾರದೂ ಆಗಿರಲಿಲ್ಲ. ಆಗಲೇ ನಾನು ಉಪನ್ಯಾಸಕಿ, ತಿಂಗಳ ಸಂಬಳದವಳು. ವಕೀಲರ ಮೇಲೆ ಸಿಟ್ಟಾಗಿ ಬಸ್ಸು ಹತ್ತಿದೆನೇ ಹೊರತು, ಅಂದೂ ಏನನ್ನೂ ಕೊಡಲಿಲ್ಲ.

ಅಂಗಡಿ ಮುಚ್ಚಿತು. ಕಳೆದ ಬೇಸಿಗೆಯಲ್ಲಿ ವಿದ್ಯಾರ್ಥಿನಿಯೊಬ್ಬಳ ಹಳೆಯ ಕಡತ ತೆರೆಯದಾದಾಗ, ಅವರನ್ನು ಹುಡುಕಿಕೊಂಡು ಪಾವಗಡದ ತಿರುಮಣಿಗೆ ಹೋದೆ. ಸೋಲಾರ್ ಪಾರ್ಕಿನ ಬೇಲಿಯ ಬಳಿ ಕಾವಲುಗಾರನ ನೀಲಿ ಅಂಗಿಯಲ್ಲಿ ನಿಂತಿದ್ದರು. ನನ್ನ ಕೈಯಲ್ಲಿದ್ದದ್ದು ಪೆನ್‌ಡ್ರೈವ್ ಮಾತ್ರ. ಅವರು ಅದನ್ನು ನೋಡಿದರು. ಆಮೇಲೆ ಸೋಲಾರ್ ಹಲಗೆಗಳ ಸಾಲನ್ನು ನೋಡಿದರು.

“ಇಲ್ಲಿ ಬಿಸ್ಲು ಬೀಳೋ ನೆಲಕ್ಕೂ ವರ್ಸ ವರ್ಸ ಬಾಡ್ಗೆ ಬತ್ತೈತೆ ಕಣಮ್ಮ.”

ಹನ್ನೆರಡು ಗಂಟೆಯ ಪಾಳಿ, ಮನೆಗೆ ಹೋದರೆ ಕಂಪ್ಯೂಟರಿನ ಮೇಲೆ ಕಣ್ಣು ನಿಲ್ಲುವುದಿಲ್ಲ ಎಂದರು. ಜೇಬಿನ ಪರ್ಸಿನಿಂದ ಮಡಿಸಿದ ಮದುವೆ ಪತ್ರಿಕೆಯೊಂದನ್ನು ತೆಗೆದರು. ಅದರ ಬೆನ್ನ ಮೇಲೆ ಅವರ ದುಂಡು ಬರಹದಲ್ಲಿ ನನ್ನ ಹೆಸರು, ‘ಸ್ಫೂರ್ತಿ’, ಮೂರು ತುಂಡಾಗಿ ಬಿದ್ದಿತ್ತು.

“ಇದು ಗೆಲ್ಲಲಿಲ್ಲ” ಎಂದು ನನ್ನ ಕೈಗಿಟ್ಟರು. “ನೀನೇ ಇಟ್ಕೊ.”